ಹನ್ನೊಂದರಿಂದ ಐದರವರೆಗಿನ ನೀರು

ಮಾರ್ಚ್ 8

ಅಳಿಯಾ,

ನಿನ್ನ ಅಪ್ಪನನ್ನು ಮಣ್ಣು ಮಾಡಿ ಇವತ್ತಿಗೆ ನಾಲ್ಕು ದಿನ. ನೀನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಕೇಳಿದರೆ ರಜೆ ಸಿಗಲಿಲ್ಲ ಎನ್ನುತ್ತೀಯ, ನಾನು ನಂಬಿದ ಹಾಗೆ ನಟಿಸಬೇಕು, ಇಬ್ಬರಿಗೂ ದಂಡದ ಕೆಲಸ. ಫೋನು ಮಾಡಿದರೆ "ಹೂಂ" ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಮೂರನೇ ಕ್ಲಾಸಿಗೆ ಮುರಿದುಬಿದ್ದ ಓದು ನನ್ನದು. ತಪ್ಪಿದ್ದರೆ ನೀನೊಬ್ಬನೇ ನಕ್ಕುಕೋ, ಅಲ್ಲಿ ಹಲ್ಲಿನ ಸೆಟ್ಟು ಮಾಡುವ ಅಂಗಡಿಯಲ್ಲಿ ನಿನ್ನ ಜೊತೆ ಕೂತು ಕಟ್ಟುಹಲ್ಲು ಉಜ್ಜುವವರಿಗೆಲ್ಲ ಓದಿ ಹೇಳಬೇಡ.

ನೀನು ಕೇಳದಿದ್ದರೂ ಹೇಳುತ್ತೇನೆ. ಮೂರನೇ ತಾರೀಖು ನಮ್ಮ ನೀರಿನ ಸರದಿ. ಮೂವತ್ತು ದಿನಕ್ಕೊಮ್ಮೆ, ಬೆಳಿಗ್ಗೆ ಆರರಿಂದ ಹನ್ನೊಂದು. ಕಾಲುವೆಯ ತೂಬಿನ ಹಲಗೆ ಎತ್ತಿ, ಪಕ್ಕದ ಕಟ್ಟೆಯ ಮೇಲೆ ಕೂತು, ಕಂಬಕ್ಕೆ ಛತ್ರಿ ಬಿಗಿದು, ಸಲಿಕೆಯ ಹಿಡಿಯ ಮೇಲೆ ಗದ್ದ ಊರಿಕೊಂಡು ಅವನು ಕಾಯುತ್ತಿದ್ದ ರೀತಿ ನಿನಗೆ ಮರೆತಿರಲಾರದು. ಹಲಗೆ ಎತ್ತಿದ್ದರೆ ನೀರು ನಮಗೆ, ಇಳಿಸಿದರೆ ಕೆಳಗಿನ ಹೊಲದ ಕೊಕ್ಕರೆಗೆ. ಆ ಬಡಪಾಯಿಯ ಕಾಲು ಉದ್ದ ಎಂದು ಕೊಕ್ಕರೆ ಎನ್ನುವ ಹೆಸರಿಟ್ಟವನೂ ನಿನ್ನ ಅಪ್ಪನೇ. ಹನ್ನೊಂದಾಯಿತು, ಹಲಗೆ ಇಳಿಯಲಿಲ್ಲ. ಹನ್ನೆರಡಾಯಿತು, ಎರಡಾಯಿತು. ಸಂಜೆ ಐದಕ್ಕೆ, ಸರದಿ ನೋಡಿಕೊಳ್ಳುವ ನೀರುಗಂಟಿ ನೀರಿನ ಸಂಘದ ಅಧ್ಯಕ್ಷನನ್ನು ಕರೆದುಕೊಂಡು ಜಗಳಕ್ಕೆಂದೇ ಬಂದು, ಭುಜ ಹಿಡಿದು ಅಲ್ಲಾಡಿಸಿದಾಗ ಗೊತ್ತಾಯಿತು, ಮನುಷ್ಯ ಹೋಗಿಬಿಟ್ಟಿದ್ದಾನೆ ಎಂದು.

ಅಲ್ಲಿಯವರೆಗೆ ಎಲ್ಲರೂ ಅಂದುಕೊಂಡದ್ದು, ಇವತ್ತು ಪೂರ್ತಿ ನಾಚಿಕೆ ಬಿಟ್ಟು ಕದಿಯುತ್ತಿದ್ದಾನೆ ಎಂದು. ತಪ್ಪೇನು? ಅವನ ಕೈಗಡಿಯಾರ ಬೇಕೆಂದೇ ಹತ್ತು ನಿಮಿಷ ಹಿಂದೆ ಇರುತ್ತಿತ್ತು. ಅದರ ಮೇಲಿನ ಹಟಕ್ಕೆ ನೀರುಗಂಟಿ ತನ್ನದನ್ನು ಹತ್ತು ನಿಮಿಷ ಮುಂದೆ ಇಟ್ಟುಕೊಂಡ. ಇಬ್ಬರು ಗಂಡಸರು ಇಪ್ಪತ್ತು ನಿಮಿಷಕ್ಕಾಗಿ ಅರ್ಧ ಆಯುಷ್ಯ ಕಿರುಚಾಡಿದರು. ಹತ್ತಿರ ಹೋದವರನ್ನು ಸಲಿಕೆಯ ಹಿಡಿಯಿಂದ ತಿವಿದು ಕಾಲುವೆಗೆ ಬೀಳಿಸಿದ್ದೂ ಎರಡು ಸಲ ಆಗಿದೆ. ಹೀಗಿರುವಾಗ ಯಾರು ಹತ್ತಿರ ಹೋಗುತ್ತಾರೆ?

ಕೂತ ಭಂಗಿಯಲ್ಲೇ ಹೊತ್ತು ತಂದರು, ಕುರ್ಚಿ ಹೊತ್ತ ಹಾಗೆ. ಬಾಗಿಲಲ್ಲಿ ಓರೆ ಮಾಡಿ ಒಳಗೆ ನುಗ್ಗಿಸಬೇಕಾಯಿತು. ನೀನು ಮಾಡಿ ಕಳಿಸಿದ್ದ ಹಲ್ಲಿನ ಸೆಟ್ಟನ್ನು ಬದುಕಿದ್ದಾಗ ಒಂದು ದಿನವೂ ಹಾಕಿಕೊಳ್ಳಲಿಲ್ಲ, ಕಿಟಕಿಯ ಮೇಲೆ ಲೋಟದಲ್ಲಿ ನೆನೆಹಾಕಿ ಇಟ್ಟಿದ್ದ. ನಾನೇ ಹಾಕಿದೆ. ಸರಿಯಾಗಿ ಕೂರಲಿಲ್ಲ. ನಗುತ್ತಿರುವ ಹಾಗೆ ಕಂಡ. ನೋಡಲು ಬಂದವರು ಬಾಗಿಲಲ್ಲೇ ಹೆದರಿ ನಿಂತರು.

ಬಂದವರ ಮಾತು ಕೇಳಬೇಕಿತ್ತು ನೀನು. "ಎಂಥಾ ದುಡಿಮೆಗಾರ!" "ಇಂಥವರು ಇನ್ನು ಹುಟ್ಟಲ್ಲ." ಹುಟ್ಟದಿರಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವನ ಜೊತೆ ಒಂದು ಮಾತೂ ಆಡದವರು ನಮ್ಮ ಬೆಂಚಿನ ಮೇಲೆ ಕೂತು ಮೂಗು ಒರೆಸಿಕೊಂಡರು. ನೀರುಗಂಟಿಯಂತೂ ಹೊರಗೆ ನಿಂತು ಅಳುತ್ತಿದ್ದ. ಇನ್ನು ಯಾರ ಮೇಲೆ ಕಿರುಚುವುದು ಎಂದಿರಬೇಕು.

ಈಗ ಅಸಲು ವಿಷಯಕ್ಕೆ ಬರುತ್ತೇನೆ, ಇದನ್ನು ಎರಡು ಸಲ ಓದು. ಅದೇ ಜನ ಮೂರನೇ ದಿನ ಬಂದು ನೀರು ವಾಪಸು ಕೇಳುತ್ತಿದ್ದಾರೆ. ಹನ್ನೊಂದರಿಂದ ಐದರವರೆಗೆ ಆರು ಗಂಟೆ ಕೊಕ್ಕರೆಯ ನೀರು ನಮ್ಮ ಹೊಲಕ್ಕೆ ಹರಿಯಿತು, ಅದಕ್ಕೆ ಬದಲು ಏಪ್ರಿಲ್ ಎರಡರ ನಮ್ಮ ಸರದಿ ಅವನಿಗೆ ಬಿಡಬೇಕಂತೆ. ಆಮೇಲೆ ಕಾಲುವೆ ಮುಚ್ಚುತ್ತಾರೆ, ಈ ವರ್ಷಕ್ಕೆ ಅದೇ ಕೊನೆಯ ನೀರು. ಆ ಆರು ಗಂಟೆ ನೀರಿನಿಂದ ನಮಗೆ ಲಾಭವಾದರೂ ಆಯಿತೇ? ಇಲ್ಲ. ಮಡಿಯಿಂದ ಮಡಿಗೆ ನೀರು ತಿರುಗಿಸಬೇಕಾದವನು ಸತ್ತು ಕೂತಿದ್ದ. ಎಲ್ಲ ನೀರೂ ತಗ್ಗಿನ ತುಂಡಿಗೆ ನುಗ್ಗಿ ನಿಂತು ಅಲ್ಲಿನ ಈರುಳ್ಳಿ ಕೊಳೆಯಿತು. ಈಗ ಉಳಿದಿರುವುದು ಮೇಲಿನ ತುಂಡು ಒಂದೇ. ಅದಕ್ಕೆ ಕೊನೆಯ ನೀರು ಸಿಕ್ಕಿದರೆ ಗಡ್ಡೆ, ಸಿಗದಿದ್ದರೆ ಬರೀ ಬೇರು. ಆ ಗಡ್ಡೆಯ ಮೇಲೆ ನನ್ನ ಮುಂದಿನ ವರ್ಷ ನಿಂತಿದೆ. ಬೆಳೆ ಇಲ್ಲದ ಮನೆಯಲ್ಲಿ ಅತ್ತೆ ಯಾಕೆ ಎಂದು ನೀನು ಹೊಲ ಮಾರುವ ಮಾತೆತ್ತಿದರೆ ನಾನೆಲ್ಲಿ ಹೋಗಲಿ?

ಅಧ್ಯಕ್ಷ ಬಹಳ ನ್ಯಾಯವಂತನ ಹಾಗೆ ಹೇಳಿದ. "ನೋಡಮ್ಮ, ಸತ್ತೋನು ಕದಿಯೋಕಾಗಲ್ಲ, ಅದು ನಮಗೂ ಗೊತ್ತು. ಹನ್ನೊಂದಕ್ಕೆ ಮುಂಚೆನೇ ಹೋಗಿದ್ರೆ ಯಾರ ತಪ್ಪೂ ಅಲ್ಲ, ಹೋದ ನೀರು ಹೋಯ್ತು ಅಂತ ಬಿಡ್ತಿದ್ವಿ. ಆದ್ರೆ ಬದುಕಿದ್ದು, ಬೇಕಂತ್ಲೇ ಹಲಗೆ ಇಳಿಸದೆ ಕೂತಿದ್ರೆ ಅದು ಕಳ್ಳತನ. ಹನ್ನೊಂದೂವರೆಗೆ ಕೈ ಬೀಸಿ 'ಹೋಗೋ' ಅಂದ ಅಂತ ನೀರುಗಂಟಿ ಹೇಳ್ತಾನೆ. ಒಂದು ಗಂಟೆಗೆ ತನ್ನ ನೋಡಿ ಉಗಿದ ಅಂತ ಕೊಕ್ಕರೆ ಹೇಳ್ತಾನೆ. ನೀವೂ ಹೇಳ್ತೀರಲ್ಲ, ಹನ್ನೆರಡಕ್ಕೆ ಮಾತಾಡ್ದ ಅಂತ?"

ಹೌದು, ಹೇಳಿದ್ದೇನೆ. ಹನ್ನೆರಡಕ್ಕೆ ನಾನು ಊಟದ ಡಬ್ಬಿ ಕೊಟ್ಟಾಗ ಚೆನ್ನಾಗಿಯೇ ಇದ್ದ, "ಉಪ್ಪು ಕಡಿಮೆ" ಎಂದ.

ಮೂವತ್ತನೇ ತಾರೀಖು ಸಂಘದ ಸಭೆ. ಹೊಲಕ್ಕೆ ಈಗ ವಾರಸುದಾರ ನೀನು, ನಿನ್ನ ಸಹಿ ಇರುವ ಕಾಗದ ಬೇಕಂತೆ. ಕೊಡುತ್ತೇವೆ ಎಂದೋ, ಕೊಡುವುದಿಲ್ಲ ಎಂದೋ. ಕೊಡುವುದಿಲ್ಲ ಎಂದೇ ಬರೆ. ಅಂಚೆ ಚೀಟಿ ಅಂಟಿತೋ ಇಲ್ಲವೋ ಎನ್ನುವ ಅನುಮಾನಕ್ಕೆ ಎರಡು ಹಚ್ಚಿದ್ದೇನೆ.

ತಲೆ ಕೆಟ್ಟ,
ನಿನ್ನ ಸೋದರತ್ತೆ

*

ಮಾರ್ಚ್ 12

ಅತ್ತೆ,

ರಜೆ ಸಿಗಲಿಲ್ಲ ಎನ್ನುವುದು ಸುಳ್ಳು. ಕೇಳಲೇ ಇಲ್ಲ.

ಎಂಟು ವರ್ಷದ ಹಿಂದೆ ನಾನು ಮನೆ ಬಿಟ್ಟ ಬೆಳಿಗ್ಗೆ ನೂರ ಮೂರು ಡಿಗ್ರಿ ಜ್ವರ ಇತ್ತು ನನಗೆ. ತೂಬಿನ ಹಲಗೆ ಸೀಳು ಬಿಟ್ಟು ನೀರು ಸೋರುತ್ತಿದೆ ಎಂದು, ಅದಕ್ಕೆ ಬೆನ್ನು ಕೊಟ್ಟು ನಿಲ್ಲಲು ನನ್ನನ್ನು ಕಾಲುವೆಗೆ ಇಳಿಸಿದ. ಎರಡು ಗಂಟೆ ನಿಂತೆ. ಆವತ್ತೇ ತಿಳಿಯಿತು, ಆ ಮನುಷ್ಯನಿಗೆ ಬೇಕಿದ್ದದ್ದು ಮಗ ಅಲ್ಲ, ಇನ್ನೊಂದು ಹಲಗೆ. ಬಟ್ಟೆ ಒಣಗುವ ಮೊದಲೇ ಬಸ್ಸು ಹತ್ತಿದೆ.

ನೀರು ಕೊಟ್ಟುಬಿಡು. ಒಂದಲ್ಲ, ಹತ್ತು ಸರದಿ ಕೊಡು. ಬೇಕಿದ್ದರೆ ಕೊಕ್ಕರೆಗೆ ಆ ಛತ್ರಿಯನ್ನೂ ಕೊಡು. ಆ ಮನುಷ್ಯ ಜೀವಮಾನವೆಲ್ಲ ಕದ್ದ ನಿಮಿಷಗಳನ್ನು ಕೂಡಿಸಿದರೆ ಒಂದು ಕೆರೆ ಆಗುತ್ತದೆ.

ಹೊಲ ಮಾರುವ ಮಾತು ನಾನು ಎತ್ತಿಲ್ಲ. ನೀನೇ ಎತ್ತಿ ನೀನೇ ಹೆದರಿದ್ದೀಯ.

ಇನ್ನೊಂದು. ಇಲ್ಲಿ ನಾನು ದಿನವೂ ಬಾಯಿಗಳ ಅಚ್ಚು ನೋಡುವವನು, ಹೆಣದ ವಿಷಯ ನನಗೆ ತಿಳಿಯದು. ಆದರೂ ಕೇಳುತ್ತೇನೆ. ಕುರ್ಚಿ ಹೊತ್ತ ಹಾಗೆ ಹೊತ್ತು ತಂದರು ಎಂದು ಬರೆದಿದ್ದೀಯ. ಮೈ ಅಷ್ಟು ಸೆಟೆಯಬೇಕಾದರೆ ಗಂಟೆಗಟ್ಟಲೆ ಬೇಕಲ್ಲವೇ? ಹಾಗಾದರೆ ಉಪ್ಪು ಕಡಿಮೆ ಎಂದದ್ದು ಯಾರು?

ಇಂತಿ,
ಹಲ್ಲಿನವನು
(ನಿಮ್ಮಣ್ಣ ನನ್ನನ್ನು ಹಾಗೆಯೇ ಅಲ್ಲವೇ ಕರೆಯುತ್ತಿದ್ದದ್ದು?)

*

ಮಾರ್ಚ್ 16

ಅಳಿಯಾ,

ನಿನ್ನ ಕಾಗದ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ಕೋಪಕ್ಕಲ್ಲ. ನೀನು ಹತ್ತು ಸರದಿ ಕೊಡು ಎಂದು ಅಲ್ಲಿ ಕೂತು ಬರೆಯುತ್ತೀಯ. ನಿನ್ನ ಕೈಗೆ ಹತ್ತುವುದು ಹಲ್ಲಚ್ಚಿನ ಸುಣ್ಣದ ಪುಡಿ, ನನ್ನ ಕೈಗೆ ಮಣ್ಣು. ಮೇಲಿನ ತುಂಡಿನ ಈರುಳ್ಳಿ ಒಂದೊಂದನ್ನೂ ಊರಿದವಳು ನಾನು. ಅವನು ದಾರ ಎಳೆದು ತುದಿಯಲ್ಲಿ ನಿಂತು "ಸೊಟ್ಟ, ಸೊಟ್ಟ" ಎನ್ನುತ್ತಿದ್ದ, ಅಷ್ಟೇ.

ಆ ದಾರದ ಕಥೆ ನಿನಗೆ ಹೇಳಿಲ್ಲ. ನನ್ನನ್ನು ಸ್ಕೂಲು ಬಿಡಿಸಿದ್ದು ಅದಕ್ಕೇ. ನಮ್ಮಪ್ಪ ಹೋದ ವರ್ಷ, ಅವನಿಗೆ ಹದಿನೇಳು, ನನಗೆ ಎಂಟು. ಸಸಿ ಊರುವಾಗ ದಾರದ ಇನ್ನೊಂದು ತುದಿ ಹಿಡಿಯಲು ಜನ ಇಲ್ಲ ಎಂದು ಕ್ಲಾಸಿನ ಬಾಗಿಲಲ್ಲಿ ನಿಂತು ನನ್ನನ್ನು ಕರೆದ. ಟೀಚರು ಯಾವಾಗ ವಾಪಸು ಕಳಿಸುತ್ತೀಯಪ್ಪ ಎಂದರೆ, "ಸಾಲು ಮುಗಿದ್ಮೇಲೆ" ಎಂದ. ಸಾಲು ಇನ್ನೂ ಮುಗಿದಿಲ್ಲ. ಒಂದು ಗೂಟ ನೆಟ್ಟು ದಾರ ಕಟ್ಟಿದ್ದರೆ ಸಾಕಿತ್ತು, ಅಳಿಯಾ. ಒಂದು ಗೂಟ. ಅಷ್ಟು ದೊಡ್ಡ ರೈತನಿಗೆ ಅದು ಹೊಳೆಯಲಿಲ್ಲ. ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ. ಆವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. "ಗೂಟ ಮಾತು ಕೇಳಲ್ಲ" ಎಂದ.

ನಿನ್ನ ಅಮ್ಮನನ್ನು ಮಣ್ಣು ಮಾಡಿದ ದಿನ ಮಧ್ಯಾಹ್ನವೇ ಹೊಲದಲ್ಲಿದ್ದ, ಇದು ನಿನಗೆ ಗೊತ್ತು. ದುಃಖವನ್ನು ದುಡಿಮೆಯಲ್ಲಿ ಮರೆಯುತ್ತಿದ್ದಾನೆ ಎಂದು ಜನ ಅರ್ಥ ಕಟ್ಟಿದರು. ಯಾವ ಅರ್ಥವೂ ಇರಲಿಲ್ಲ, ಆವತ್ತು ಕಳೆ ಕೀಳುವ ಸರದಿ, ಕಿತ್ತ. ಸತ್ತವನ ಹಿಂದೆ ಜನ ಕಾರಣ ಹುಡುಕುತ್ತಾರೆ. ಚಿಕ್ಕಂದಿನಲ್ಲಿ ಏನೋ ಆಗಿತ್ತು, ಯಾರೋ ಮೋಸ ಮಾಡಿದ್ದರು, ಒಳಗೆ ಬೆಣ್ಣೆಯಂಥ ಮನಸ್ಸು ಎಂದು. ನಾನು ಜೊತೆಯಲ್ಲಿ ಹುಟ್ಟಿದವಳು. ಏನೂ ಆಗಿರಲಿಲ್ಲ. ಹಾಲು ಕುಡಿಯುವಾಗಲೇ ಪಕ್ಕದವರ ಲೋಟ ನೋಡುತ್ತಿದ್ದ ಎಂದು ನಮ್ಮಮ್ಮನೇ ಹೇಳುತ್ತಿದ್ದಳು.

ಗಂಡನ ಮನೆ ಬಿಟ್ಟು ನಾನು ಚೀಲ ಹಿಡಿದು ಬಂದಾಗ ಯಾಕೆ ಬಂದೆ ಎಂದು ಕೇಳಲಿಲ್ಲ, ಅದೊಂದು ನಿಜ. ಮಾರನೇ ದಿನ ನೋಡಿದರೆ ಅಡುಗೆಮನೆ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದಿದ್ದ, ನನ್ನ ಚೀಲ ನೇತು ಹಾಕಲು. ತುಕ್ಕು ಹಿಡಿದ ಮೊಳೆ, ಅದೂ ಸೊಟ್ಟಗೆ. ಹೊಸದು ಡಬ್ಬಿ ತುಂಬ ಇದ್ದವು.

ಉಪ್ಪಿನ ವಿಷಯ ಕೇಳಿದ್ದೀಯ. ಹೇಳಿದ್ದು ಹೇಳಿದ್ದೇ, ಪದೇ ಪದೇ ಯಾಕೆ ಕೇಳುತ್ತೀಯ? ಡಾಕ್ಟರನ್ನು ಕೇಳಿದೆವು. ಆ ಮಹಾನುಭಾವ ಕೊರಳಿಗೆ ಹಾಕಿದ ರಬ್ಬರು ನಳಿಗೆ ತೆಗೆಯದೆ, "ಬೆಳಿಗ್ಗೆಯಿಂದ ಸಂಜೆಯೊಳಗೆ" ಎಂದ. ಅದು ದನ ಕಾಯುವವನಿಗೂ ಗೊತ್ತಿತ್ತು.

ಸಹಿ ಮಾಡಿ ಕಳಿಸು. ಬಾಗಿಲ ಚಿಲಕ ಸಡಿಲಾಗಿದೆ, ಅದರ ಚಿಂತೆ ಬೇರೆ.

ನಿನ್ನ ಅತ್ತೆ

*

ಮಾರ್ಚ್ 21

ಅತ್ತೆ,

ಪ್ರಶ್ನೆ ಒಂದು, ನೀನು ಕೊಟ್ಟ ಉತ್ತರ ನಾಲ್ಕು ಪುಟ. ಅದರಲ್ಲಿ ಉಪ್ಪಿಗೆ ಎರಡು ಸಾಲು.

ಹದಿನಾರು ವರ್ಷ ಆ ಮನುಷ್ಯನ ಎದುರು ಕೂತು ಉಂಡಿದ್ದೇನೆ. ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳುತ್ತಿದ್ದ, ಜಾಸ್ತಿಯಾದರೂ ತಳ್ಳುತ್ತಿದ್ದ. ಬಾಯಿ ಬಿಟ್ಟು ಹೇಳಿದ್ದಿಲ್ಲ. ಅದರ ಮೇಲೆ ಹೊಸ ವರ್ಷದ ದಿನ ನೀನೇ ಫೋನಿನಲ್ಲಿ ಅತ್ತಿದ್ದೆ, ಗೂಡಿನ ಗಡಿಯಾರ ಕೆಳಗೆ ಬೀಳಿಸಿದ್ದಕ್ಕೆ ಅಣ್ಣ ಮಾತು ಬಿಟ್ಟಿದ್ದಾನೆ ಎಂದು. ಎರಡು ತಿಂಗಳು ಮಾತು ಬಿಟ್ಟವನು ಸಾಯುವ ದಿನ ಉಪ್ಪಿನ ನೆಪದಲ್ಲಿ ರಾಜಿಯಾದನೇ?

ನೀರುಗಂಟಿಗೆ ಕೈ ಬೀಸಿದನಂತೆ, ಕೊಕ್ಕರೆಗೆ ಉಗಿದನಂತೆ, ನಿನಗೆ ಉಪ್ಪು ಎಂದನಂತೆ. ಒಬ್ಬೊಬ್ಬರಿಗೂ ದಿನಾ ಕೊಡುತ್ತಿದ್ದದ್ದನ್ನೇ ಆವತ್ತೂ ಹಂಚಿದ್ದಾನೆ. ಬಲು ಶಿಸ್ತಿನ ಹೆಣ.

ಸಹಿ ಮಾಡಿದ ಕಾಗದ ಇದರ ಜೊತೆಗಿದೆ. "ನಮ್ಮ ಅತ್ತೆ ಸಭೆಯಲ್ಲಿ ಏನು ಹೇಳುತ್ತಾರೋ ಅದೇ ನನ್ನ ಮಾತು" ಎಂದು ಬರೆದಿದ್ದೇನೆ. ನಿನ್ನ ಮೇಲಿನ ನಂಬಿಕೆಗಲ್ಲ. ಆ ಹೊಲ, ಆ ನೀರು, ಆ ತೂಬು ಇವುಗಳ ಬಗ್ಗೆ ಒಂದು ಅಭಿಪ್ರಾಯ ಇಟ್ಟುಕೊಳ್ಳುವುದೂ ನನಗೆ ಹೇಸಿಗೆ.

ಹಲ್ಲಿನವನು

*

ಮಾರ್ಚ್ 24

ಅಳಿಯಾ,

ಉಪ್ಪು ಎನ್ನಲಿಲ್ಲ.

ಹನ್ನೆರಡಕ್ಕೆ ಹೋದೆ. ಹತ್ತು ಹೆಜ್ಜೆ ದೂರ ನಿಂತು "ಅಣ್ಣಾ, ಊಟ" ಎಂದೆ. ಛತ್ರಿಯ ನೆರಳು ಮುಖದ ಮೇಲಿತ್ತು, ಗದ್ದ ಸಲಿಕೆಯ ಮೇಲೆ. ತಿರುಗಲಿಲ್ಲ. ಇನ್ನೊಂದು ಸಲ ಕರೆದೆ. ಎರಡು ತಿಂಗಳಿಂದ ಅದೇ ಮುಖ, ಅದೇ ಬೆನ್ನು ನೋಡಿ ನನಗೂ ಸಾಕಾಗಿತ್ತು. "ಕೊಬ್ಬು ಇಳಿಯೋವರೆಗೂ ಹಸ್ಕೊಂಡಿರು" ಎಂದು ಬೈದು, ಡಬ್ಬಿಯನ್ನು ಬದುವಿನ ಮೇಲೆ ಕುಕ್ಕಿ ಬಂದೆ. ಮೂರು ಗಂಟೆಗೆ ಮತ್ತೆ ಹೋದೆ. ಡಬ್ಬಿ ಮುಚ್ಚಿದ ಹಾಗೇ ಇತ್ತು. ಬೇಕೆಂದೇ ಉಂಡಿಲ್ಲ, ನನ್ನ ಮೇಲಿನ ಹಟಕ್ಕೆ, ಎಂದು ಬೈದು ಡಬ್ಬಿ ವಾಪಸು ತಂದು, ನಾನೇ ಉಂಡೆ. ಪೂರ್ತಿ ಉಂಡೆ. ಚೆನ್ನಾಗಿತ್ತು.

ಐದಕ್ಕೆ ಹೊತ್ತು ತಂದರು. "ಮಧ್ಯಾಹ್ನ ಹೆಂಗಿದ್ರು?" ಎಂದು ಯಾರೋ ಕೇಳಿದರು. ಅಷ್ಟು ಜನ ನಿಂತಿದ್ದಾರೆ. ಹತ್ತಿರ ಹೋಗಿ ನೋಡಲಿಲ್ಲ ಎಂದು ಹೇಗೆ ಹೇಳಲಿ? ಉಪ್ಪು ಕಡಿಮೆ ಎಂದ ಎಂದುಬಿಟ್ಟೆ. ಅಂದ ಮೇಲೆ ಅದೇ ಗಟ್ಟಿಯಾಯಿತು.

ಈಗ ಸಭೆಯಲ್ಲಿ ನಿಜ ಹೇಳಿದರೆ ಅವನು ಆಗಲೇ ಸತ್ತಿದ್ದ ಎಂದಾಗಿ ನೀರು ಉಳಿಯಬಹುದು. ಆದರೆ ನನ್ನನ್ನು ಕಿತ್ತು ತಿನ್ನುತ್ತಿರುವುದು ನೀರಲ್ಲ. ನೀರುಗಂಟಿ ಹನ್ನೊಂದೂವರೆಗೆ ಕೈ ಬೀಸಿದ ಎನ್ನುತ್ತಾನೆ. ಅದು ನಿಜವೇ ಆಗಿದ್ದರೆ? ಹನ್ನೆರಡಕ್ಕೆ ನಾನು ಹೋದಾಗ ಜೀವ ಇತ್ತೋ ಏನೋ. ತಿರುಗಲು ಆಗುತ್ತಿರಲಿಲ್ಲವೋ ಏನೋ. ನಾನು ಕೊಬ್ಬು ಎಂದದ್ದು ಕೇಳಿಸಿತೋ ಏನೋ. ಕೊಕ್ಕರೆ ಒಂದು ಗಂಟೆಗೆ ಉಗಿದ ಎನ್ನುತ್ತಾನೆ, ಅದು ಉಗಿದದ್ದೋ ಅಥವಾ ಬಾಯಿಂದ ಬೇರೆ ಏನಾದರೂ ಬಂದದ್ದೋ. ಬೆಳಿಗ್ಗೆ ಎದ್ದ ಕೂಡಲೇ ಇದೇ, ಪಾತ್ರೆ ತೊಳೆಯುವಾಗ ಇದೇ. ಕೇಳಬೇಕೆಂದು ನೀರುಗಂಟಿಯ ಮನೆಯ ಮುಂದೆ ಎರಡು ಸಲ ಹೋಗಿ ವಾಪಸು ಬಂದೆ.

ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಅಳಿಯಾ. ಈಗಲೂ ಆಗುವುದಿಲ್ಲ. ಆದರೆ ಹಾಗೆ ಬಿಟ್ಟು ಬರಲು ನಾನೇನು ಅವನೇ?

ಏನು ಮಾಡಲಿ, ಬರೆ.

ಅತ್ತೆ

*

ಮಾರ್ಚ್ 27

ಅತ್ತೆ,

ಏನು ಮಾಡಬೇಕೆಂದು ನನ್ನನ್ನು ಕೇಳಬೇಡ. ನಾನಾಗಿದ್ದರೆ ಡಬ್ಬಿಯನ್ನೇ ತೆಗೆದುಕೊಂಡು ಹೋಗುತ್ತಿರಲಿಲ್ಲ.

ಮೂರು ಸಲ ಬೇರೆ ಬೇರೆ ಬರೆದು ಹರಿದೆ. ಅಂಚೆಗೆ ಹೊತ್ತಾಯಿತು, ಇಷ್ಟೇ ಕಳಿಸುತ್ತಿದ್ದೇನೆ.

ನಿನ್ನ ಅಳಿಯ

*

ಏಪ್ರಿಲ್ 4

ಅಳಿಯಾ,

ಸಭೆ ಅಧ್ಯಕ್ಷನ ಪಂಪು ರಿಪೇರಿ ಅಂಗಡಿಯಲ್ಲಿ ಆಯಿತು. ಎಲ್ಲರೂ ಹಳೆಯ ಮೋಟಾರುಗಳ ಮೇಲೆ ಕೂತಿದ್ದರು, ನನಗೊಂದು ಸ್ಟೂಲು ಕೊಟ್ಟರು, ಅದಕ್ಕೂ ಗ್ರೀಸು. ನಿನ್ನ ಕಾಗದ ಓದಿದರು. "ಹೇಳಮ್ಮ" ಎಂದ ಅಧ್ಯಕ್ಷ.

ಹೇಳಿದೆ. ಎರಡು ಸಲ ಕರೆದದ್ದು, ಡಬ್ಬಿ ಕುಕ್ಕಿ ಬಂದದ್ದು, ಬೈದದ್ದು, ವಾಪಸು ತಂದು ಉಂಡದ್ದು. ಉಂಡದ್ದನ್ನು ಹೇಳುವ ಅಗತ್ಯ ಇರಲಿಲ್ಲ, ಬಾಯಿ ತಪ್ಪಿ ಬಂತು.

ನಾನು ನೀರುಗಂಟಿಯ ಕಡೆ ತಿರುಗಿದೆ. "ನಿಂಗೆ ಕೈ ಬೀಸಿದ್ದು ನಿಜಾನಾ? ನೀರಿಗಾಗಿ ಕೇಳ್ತಿಲ್ಲ. ನೀರು ಬೇಕಾದ್ರೆ ಹೋಗ್ಲಿ. ನಿನ್ನ ಮಕ್ಕಳ ಮೇಲೆ ಕೈ ಇಟ್ಟು ಹೇಳು, ಕೈ ಬೀಸಿದ್ನಾ?"

ಅವನು ತನ್ನ ಗಡಿಯಾರ ನೋಡಿಕೊಂಡ, ಅದರಲ್ಲಿ ಉತ್ತರ ಬರೆದಿರುವ ಹಾಗೆ. "ಆಚೆ ದಡದಿಂದ ಕೂಗ್ದೆ ಕಣಮ್ಮ" ಎಂದ. "ಮೂರು ಸಲ ಕೂಗ್ದೆ. ಯಾವತ್ತೂ ಕೈ ಬೀಸ್ತಿದ್ನಲ್ಲ. ಬೀಸ್ದ ಅಂತ್ಲೇ ಅಂದ್ಕೊಂಡೆ."

"ಅಂದ್ಕೊಂಡ್ಯಾ, ಕಂಡ್ಯಾ?"

"ಕಾಣ್ಲಿಲ್ಲ."

ಅಧ್ಯಕ್ಷ ಕೊಕ್ಕರೆಯ ಕಡೆ ನೋಡಿದ. ಕೊಕ್ಕರೆ ಕೂತಲ್ಲೇ ಕಾಲು ಮಡಿಸಿಕೊಳ್ಳಲು ಜಾಗ ಹುಡುಕಿದ. "ನನ್ನ ಯಾಕ್ ನೋಡ್ತೀರಾ? ಮೂವತ್ತು ವರ್ಷದಿಂದ ಉಗಿದಿದ್ದಾನೆ ನನ್ ಮೇಲೆ. ಆವತ್ತೊಂದಿನ ಉಗೀಲಿಲ್ಲ ಅಂದ್ರೆ ಯಾರಾದ್ರೂ ನಂಬ್ತಿದ್ರಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಅಂಗಡಿಯೆಲ್ಲ ನಕ್ಕಿತು. ನನಗೆ ಆ ನಗು ಕಂಡು ಮೈಯೆಲ್ಲ ಉರಿಯಿತು. ಆರು ಗಂಟೆ ಹೊತ್ತು ಒಂದು ಹೆಣ ಬಟಾಬಯಲಲ್ಲಿ ಕೂತಿತ್ತು. ಇಷ್ಟು ಜನ ಗಂಡಸರು, ಒಬ್ಬನಿಗೂ ಹತ್ತಿರ ಹೋಗುವ ಎದೆ ಇರಲಿಲ್ಲ. ಬೈಸಿಕೊಂಡೇವು ಎನ್ನುವ ಹೆದರಿಕೆಗೆ ದೂರ ನಿಂತು, ಮನೆಗೆ ಹೋಗಿ ಬೈದ ಎಂದು ಹೇಳಿದವರು. ಅವರಲ್ಲಿ ನಾನೂ ಒಬ್ಬಳು, ಅದಕ್ಕೇ ಬಾಯಿ ಮುಚ್ಚಿಕೊಂಡು ಕೂತೆ. ಆದರೆ ದಿನವೂ ನನ್ನನ್ನು ಕಿತ್ತು ತಿನ್ನುತ್ತಿದ್ದದ್ದು ಅಲ್ಲೇ, ಆ ಸ್ಟೂಲಿನ ಮೇಲೇ ನಿಂತಿತು. ಹನ್ನೊಂದೂವರೆಗೆ ಕೈ ಬೀಸಿರಲಿಲ್ಲ. ನಾನು ಅಂದದ್ದು ಅವನಿಗೆ ಕೇಳಿಸಿರಲಾರದು. ಪೂರ್ತಿ ಖಾತ್ರಿ ಎಂದು ಹೇಳಲಾರೆ, ನನಗೆ ಯಾವುದು ಪೂರ್ತಿ ಖಾತ್ರಿ ಆಗಿದೆ ಹೇಳು? ಆದರೆ ಆವತ್ತು ಮನೆಗೆ ಬಂದು ನಿದ್ದೆ ಮಾಡಿದೆ.

ನೀರು ಕೊಡಬೇಕಾಗಿಲ್ಲ ಎಂದು ಅಧ್ಯಕ್ಷ ಪುಸ್ತಕದಲ್ಲಿ ಬರೆದ. "ಕೂಗಿದವರು ಯಾರಾದ್ರೂ ಇಳಿದು ಹೋಗಿ ಹಲಗೆ ಹಾಕಿದ್ರೆ ನೀರೂ ಉಳೀತಿತ್ತು" ಎಂದ. ಆವತ್ತು ಅವನು ಎಲ್ಲಿದ್ದನಂತೆ ಗೊತ್ತೇ? ತನ್ನ ಅಳಿಯನ ಮನೆಯಲ್ಲಿ ಮಲಗಿದ್ದ. ನೀರುಗಂಟಿ ನಾಲ್ಕು ಗಂಟೆ ಹೊತ್ತು ಅವನು ಏಳುವುದನ್ನೇ ಕಾದು ಜಗಲಿಯಲ್ಲಿ ಕೂತಿದ್ದ.

ಮೊನ್ನೆ ಎರಡನೇ ತಾರೀಖು ನಾನೇ ತೂಬಿಗೆ ಹೋದೆ. ಕೈಗಡಿಯಾರ ನನಗೆ ಆಗದು, ಗೋಡೆಯ ಗಡಿಯಾರವನ್ನೇ ಕಳಚಿ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ದಾರಿಯಲ್ಲಿ ಜನ ನೋಡಿದರು, ನೋಡಲಿ. ಮೇಲಿನ ತುಂಡಿನ ಅಷ್ಟೂ ಮಡಿಗೆ ನೀರು ತಿರುಗಿಸಿ, ಹತ್ತೂಮುಕ್ಕಾಲಿಗೆ ಕಟ್ಟೆಯ ಮೇಲೆ ಕೂತೆ. ಸೊಂಟ ಬಿದ್ದುಹೋಗಿತ್ತು.

ಆಚೆ ದಡದಲ್ಲಿ ಕೊಕ್ಕರೆ ಬಂದು ನಿಂತ. "ಅಕ್ಕಾ, ಟೈಮಾಗ್ತಾ ಬಂತು!"

ಕೇಳಿಸಿತು. ಉತ್ತರ ಕೊಡಲು ಬೇಜಾರಾಯಿತು. ನಿಜ ಹೇಳುತ್ತೇನೆ, ಯಾರೋ ಕೂಗುತ್ತಿರುವಾಗ ಸುಮ್ಮನೆ ಕೂರುವುದರಲ್ಲಿ ಒಂದು ಸುಖ ಇದೆ. ನಿನ್ನ ಅಪ್ಪ ಜೀವಮಾನವೆಲ್ಲ ಅದನ್ನು ಒಬ್ಬನೇ ತಿಂದ.

"ಅಕ್ಕಾ!"

ಮುಂದೆ ನೋಡಿಕೊಂಡೇ ಕೂತೆ.

ಮೂರನೆಯ ಸಲ ಕೂಗಿದಾಗ ಅವನ ದನಿ ಬೇರೆ ಆಗಿತ್ತು. ಅದರ ಹಿಂದೆಯೇ ದೊಪ್ಪನೆ ಸದ್ದು. ಆ ಉದ್ದ ಕಾಲಿನವನು ಚಪ್ಪಲಿ ಸಮೇತ ಕಾಲುವೆಗೆ ಹಾರಿದ್ದ. ಸೊಂಟದ ಮಟ್ಟ ನೀರು, ಅಂಗಿಯ ಜೇಬಿನ ಬೀಡಿ ಎಲ್ಲ ತೇಲಿಹೋದವು. ಏದುಸಿರು ಬಿಡುತ್ತ ದಡ ಹತ್ತಿ ಎರಡೂ ಕೈಯಲ್ಲಿ ನನ್ನ ಭುಜ ಹಿಡಿದು ಅಲ್ಲಾಡಿಸಿದ. ಮುಖ ಬಿಳಿಚಿಕೊಂಡಿತ್ತು.

"ಬದುಕಿದ್ದೀನಿ ಕಣೋ, ಬಿಡು" ಎಂದೆ. "ಇನ್ನೂ ನಾಲ್ಕು ನಿಮಿಷ ಇದೆ."

"ಥೂ, ನಿಮ್ಮ ವಂಶಕ್ಕೇ ಬಾಯಿ ಅನ್ನೋದು ಕೊಟ್ಟಿಲ್ವಾ ದೇವ್ರು!" ಎಂದು ಉಗಿದ. ಕಾಲುವೆಯ ಕಡೆಗೆ ಉಗಿದ, ನನ್ನ ಮೇಲಲ್ಲ. ಬೈದ, ಚಪ್ಪಲಿ ಬಿಚ್ಚಿ ನೀರು ಚೆಲ್ಲಿದ, ಮತ್ತೆ ಬೈದ. ಆದರೆ ವಾಪಸು ಹೋಗಲಿಲ್ಲ. ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತ, ಮೈಯಿಂದ ನೀರು ಇಳಿಯುತ್ತಿತ್ತು. ಗಡಿಯಾರ ನನ್ನ ಮಡಿಲಲ್ಲಿತ್ತು, ಇಬ್ಬರೂ ಅದನ್ನೇ ನೋಡಿಕೊಂಡು ಕೂತೆವು. ನಾಲ್ಕು ನಿಮಿಷ ಪೂರ್ತಿ ಕೂರಿಸಿದೆ, ಒಂದನ್ನೂ ಬಿಡಲಿಲ್ಲ.

"ಆವತ್ತು ಹಿಂಗೇ ಇಳಿದು ಬರ್ಬೇಕಿತ್ತು ನಾನು" ಎಂದ, ಗಡಿಯಾರಕ್ಕೆ ಹೇಳುವ ಹಾಗೆ.

ಹನ್ನೊಂದಾಯಿತು. ನಾನು ಎದ್ದು ಹಲಗೆ ಇಳಿಸಿದೆ. ಒಬ್ಬಳಿಗೆ ಭಾರವಾಗಿತ್ತು, ಅವನೂ ಕೈ ಹಾಕಿದ.

ನಿನ್ನ ಅತ್ತೆ